ಒಬುಸೆಯಲ್ಲಿ ಒಂದು ದಿನ: ಮೊದಲು ಹೊಕುಸಾಯಿ, ಆಮೇಲೆ ಸಾಕೆ

ಜಪಾನಿನ ನಾಗಾನೊ ಪ್ರಾಂತ್ಯದ ಒಬುಸೆಗೆ ಹೋಗಿಬಂದವರಲ್ಲಿ ಅನೇಕರು ಎರಡು ಮಾತು ಹೇಳುತ್ತಾರೆ. ನಾಲ್ಕೈದು ಬಗೆಯ ಸಾಕೆ, ಅಂದರೆ ಅಕ್ಕಿಯಿಂದ ಮಾಡಿದ ಜಪಾನಿನ ಮದ್ಯ, ಕುಡಿದರೂ ಒಂದಕ್ಕೂ ಇನ್ನೊಂದಕ್ಕೂ ಏನು ವ್ಯತ್ಯಾಸ ಅಂತ ಗೊತ್ತಾಗಲಿಲ್ಲ. ಗನ್‌ಶೋಇನ್ ದೇವಾಲಯದಲ್ಲಿ ಹೆಸರಾಂತ ಚಿತ್ರಕಾರ ಹೊಕುಸಾಯಿಯ ಚಾವಣಿ ಚಿತ್ರ ನೋಡುವುದಕ್ಕೆ ಹೊತ್ತು ಸಿಗಲಿಲ್ಲ, ಸಿಕ್ಕರೂ ಓಡೋಡಿ ನೋಡಿದ್ದಾಯಿತು.

ಎರಡಕ್ಕೂ ಕಾರಣ ಊರಿನ ನಕ್ಷೆಯಲ್ಲೇ ಇದೆ. ಸ್ಟೇಷನ್ನಿನಿಂದ ಹತ್ತು ಹನ್ನೆರಡು ನಿಮಿಷ ನಡೆದರೆ ಹೊಕುಸಾಯಿ ಮ್ಯೂಸಿಯಂ ಸಿಗುತ್ತದೆ, ಅದರ ಹತ್ತಿರವೇ 1755ರಲ್ಲಿ ಶುರುವಾದ ಮಸುಇಚಿ-ಇಚಿಮುರ ಸಾಕೆ ಮನೆ, ಅಂದರೆ ಸಾಕೆ ತಯಾರಿಸಿ ಮಾರುವ ಜಾಗ. ಬಾಗಿಲು ತೆರೆದಿದೆ, ಕೌಂಟರ್ ಇದೆ, ಜನ ಹನ್ನೊಂದು ಗಂಟೆಗೇ ಬಟ್ಟಲು ಹಿಡಿಯುತ್ತಾರೆ. ಗನ್‌ಶೋಇನ್ ಇರುವುದು ಅಲ್ಲಿಂದ ಇನ್ನೂ ಎರಡು ಕಿಲೋಮೀಟರ್ ಪೂರ್ವಕ್ಕೆ, ಕರಿತಾ ಬೆಟ್ಟದ ಬುಡದಲ್ಲಿ. ಊಟವಾಗಿ, ಸಾಕೆಯೂ ಇಳಿದ ಮೇಲೆ ಆ ಏರುದಾರಿ ಹಿಡಿಯುವ ಉತ್ಸಾಹ ಯಾರಿಗೂ ಉಳಿದಿರುವುದಿಲ್ಲ.

ಆದ್ದರಿಂದ ದಿನವನ್ನು ತಿರುಗಿಸಿ ಹಾಕಬೇಕು. ದೂರದ್ದು ಮೊದಲು, ಹತ್ತಿರದ್ದು ಆಮೇಲೆ. ಕಣ್ಣಿನ ಕೆಲಸ ಬೆಳಿಗ್ಗೆ, ನಾಲಿಗೆಯ ಕೆಲಸ ಮಧ್ಯಾಹ್ನ. ಕೆಳಗಿನ ಹಂತಗಳೆಲ್ಲ ಈ ಒಂದು ಕ್ರಮದ ಮೇಲೆ ನಿಂತಿವೆ.

## ಜೊತೆಗೆ ಏನೇನು ಬೇಕು

- ಬಿಚ್ಚಿ ಹಾಕಲು ಸುಲಭವಾದ ಶೂ, ದಪ್ಪ ಕಾಲುಚೀಲ. ದೇವಾಲಯದೊಳಗೆ ಶೂ ಬಿಚ್ಚಿ ನೆಲದ ಮೇಲಿರಬೇಕು. ನವೆಂಬರಿನಿಂದ ಮಾರ್ಚ್‌ವರೆಗೆ ಆ ನೆಲ ಮಂಜುಗಡ್ಡೆ.
- ಒಬ್ಬರಿಗೆ ಒಂದು ಲೀಟರ್ ಕುಡಿಯುವ ನೀರು.
- ಸಣ್ಣ ನೋಟ್‌ಬುಕ್, ಪೆನ್ಸಿಲ್. ಫೋನಿನಲ್ಲಿ ಬರೆಯುತ್ತೇನೆ ಅಂದುಕೊಂಡವರು ಮೂರನೆಯ ಬಟ್ಟಲಿಗೆ ಬರೆಯುವುದನ್ನೇ ಬಿಡುತ್ತಾರೆ.
- ಮುಚ್ಚಳವಿರುವ ಕಾಗದದ ಲೋಟ. ರುಚಿ ನೋಡಿದ ಸಾಕೆ ಉಗುಳಲು ಪಾತ್ರೆ ಇಲ್ಲದ ಕಡೆ ಇದೇ ಆಸರೆ.
- ಪಾಸ್‌ಪೋರ್ಟ್. ಜಪಾನಿನಲ್ಲಿ ಮದ್ಯಕ್ಕೆ ವಯಸ್ಸಿನ ಮಿತಿ 20.
- ಯೆನ್ ನಗದು. ಸಣ್ಣ ಅಂಗಡಿಗೆ, ಟ್ಯಾಕ್ಸಿಗೆ, ಸ್ಥಳೀಯ ರೈಲಿಗೆ ಕಾರ್ಡ್ ಒಂದನ್ನೇ ನಂಬಬೇಡಿ.
- ಬಾಟಲಿ ತರುವ ಯೋಚನೆ ಇದ್ದರೆ ಎರಡು ದಪ್ಪ ಟವೆಲ್, ಎರಡು ಜಿಪ್ ಚೀಲ.

## ಹಂತ 1: ದಿನ ಆರಿಸಿ, ಮುಂಗಡ ತಿಳಿಸಿ

ಸಾಕೆ ಮಾಡುವುದು ಚಳಿಗಾಲದ ಕೆಲಸ, ಹೆಚ್ಚುಕಡಿಮೆ ಅಕ್ಟೋಬರಿನಿಂದ ಮಾರ್ಚ್‌ವರೆಗೆ. ಹೊಸ ಸಾಕೆ ಬಂದಾಗ ಮನೆಯ ಸೂರಿನಡಿ ಸುಗಿದಮಾ ಎಂಬ ಸೀಡರ್ ಎಲೆಯ ದೊಡ್ಡ ಉಂಡೆ ತೂಗು ಹಾಕುತ್ತಾರೆ. ಅದು ಹಸಿರಾಗಿದ್ದರೆ ಸಾಕೆ ಹೊಸದು. ತಿಂಗಳು ಕಳೆದಂತೆ ಉಂಡೆ ಕಂದು ತಿರುಗುತ್ತದೆ, ಒಳಗಿನ ಸಾಕೆಯೂ ಹದಕ್ಕೆ ಬರುತ್ತದೆ.

ಇಲ್ಲೊಂದು ಮಾತು ಸ್ಪಷ್ಟವಿರಲಿ: ರುಚಿ ನೋಡುವುದು ಬೇರೆ, ಸಾಕೆ ಮಾಡುವ ಜಾಗದೊಳಗೆ ಹೋಗುವುದು ಬೇರೆ. ಚಳಿಗಾಲದಲ್ಲಿ ಹೋದರೆ ಕೆಲಸ ನಡೆಯುವುದನ್ನು ನೋಡಬಹುದು ಎಂದು ಹಲವರು ಅಂದುಕೊಂಡಿರುತ್ತಾರೆ. ನಿಜ ಸ್ಥಿತಿ ತಿರುಗುಮುರುಗು, ಹೊರಗಿನ ಸೂಕ್ಷ್ಮಜೀವಿ ಒಳಗೆ ಬರಬಾರದೆಂದು ಕೆಲಸದ ತಿಂಗಳುಗಳಲ್ಲೇ ಬಾಗಿಲು ಹೆಚ್ಚು ಬಿಗಿ. ಒಳಗೆ ನೋಡಲೇಬೇಕಿದ್ದರೆ ಎರಡು ಮೂರು ವಾರ ಮೊದಲೇ ಕೇಳಿ, ಇಲ್ಲ ಎಂದರೆ ಅಲ್ಲಿಗೇ ಬಿಡಿ.

ಒಬುಸೆಯಲ್ಲಿ ಮಸುಇಚಿ-ಇಚಿಮುರ ಅಲ್ಲದೆ ಹೊಕುಶಿನ್-ರ್ಯೂ ಹೆಸರಿನ ಸಾಕೆ ಮಾಡುವ ಮತ್ಸುಬಾಯ ಹೊಂತೆನ್, ತೊಯೊಕಾ ಮಾಡುವ ತಕಾಸಾವ ಮನೆಗಳೂ ಇವೆ. ಒಂದು ದಿನಕ್ಕೆ ಎರಡು ಸಾಕು. ಮೂರನೆಯದಕ್ಕೆ ಹೋಗುವ ಹೊತ್ತಿಗೆ ಮೂಗು ಸೋತಿರುತ್ತದೆ.

ಸೆಪ್ಟೆಂಬರ್, ಅಕ್ಟೋಬರ್ ಇಲ್ಲಿ ಚೆಸ್ಟ್‌ನಟ್ ಸುಗ್ಗಿ. ತಿಂಡಿ ಅಂಗಡಿಗಳ ಮುಂದೆ ಉದ್ದ ಸಾಲು ಇರುತ್ತದೆ. ಆ ತಿಂಗಳುಗಳಲ್ಲಿ ವಾರದ ನಡುವಿನ ದಿನ ಆರಿಸಿ, ಊಟದ ಜಾಗ ಮೊದಲೇ ಕಾದಿರಿಸಿ. ಮ್ಯೂಸಿಯಂ, ದೇವಾಲಯ, ಸಾಕೆ ಮನೆ ಮೂರಕ್ಕೂ ರಜಾದಿನ ಬೇರೆ ಬೇರೆ, ಋತುವಿಗೆ ತಕ್ಕಂತೆ ವೇಳೆಯೂ ಬದಲಾಗುತ್ತದೆ. ಹೊರಡುವ ಹಿಂದಿನ ವಾರ ಮೂರನ್ನೂ ಒಂದೊಂದಾಗಿ ಖಚಿತ ಮಾಡಿಕೊಳ್ಳಿ.

## ಹಂತ 2: ಗೈಡ್ ಜೊತೆ ಮೊದಲೇ ಮಾತಾಡಿ

ಒಳ್ಳೆಯ ಗೈಡ್ ಇದ್ದೂ ದಿನ ಕೆಡುವುದುಂಟು. ನಿಮಗೆ ಬೇಕಾದುದನ್ನು ಮೊದಲೇ ಹೇಳದಿದ್ದರೆ ಅವರು ಎಲ್ಲರಿಗೂ ಹೊಂದುವ ಮಾಮೂಲಿ ದಾರಿಯಲ್ಲೇ ಕರೆದೊಯ್ಯುತ್ತಾರೆ, ಆ ದಾರಿಯಲ್ಲಿ ಸಾಕೆ ಬೇಗ ಬರುತ್ತದೆ. ಕಾದಿರಿಸುವಾಗಲೇ ಈ ನಾಲ್ಕು ಸಂಗತಿ ಬರೆದು ಕಳಿಸಿ:

1. ಗನ್‌ಶೋಇನ್ ಮೊದಲು, ಸಾಕೆ ಮಧ್ಯಾಹ್ನ ಎರಡರ ನಂತರ.
2. ಎಷ್ಟು ಜನ, ಅವರಲ್ಲಿ ಕುಡಿಯದವರು ಎಷ್ಟು. ಆರು ಜನಕ್ಕಿಂತ ಹೆಚ್ಚಾದರೆ ಕೌಂಟರಿನ ಮುಂದೆ ನಿಂತು ಕೇಳುವುದು ಕಷ್ಟ.
3. ಬಟ್ಟಲಿಗೆ ಎಷ್ಟು ಮಿಲಿಲೀಟರ್ ಸುರಿಯುತ್ತಾರೆ, ಉಗುಳಲು ಪಾತ್ರೆ ಇದೆಯೇ, ಒಂದೇ ಸಾಕೆಯನ್ನು ತಣ್ಣಗೂ ಬಿಸಿಯಾಗಿಯೂ ಕೊಡುತ್ತಾರೆಯೇ.
4. ಊಟದ ನಿಯಮ. ಮೀನು ತಿನ್ನದವರು ಒಣಮೀನಿನ ಸಾರಾದ "ದಾಶಿ ಕೂಡ ಬೇಡ" ಎಂದು ಬಿಡಿಸಿ ಹೇಳಬೇಕು. ಏಕೆಂದು ಹಂತ 6ರಲ್ಲಿದೆ.

ಗೈಡ್ ಇಲ್ಲದೆ ಹೋಗುವವರಿಗೆ ಮೂರು ವಾಕ್ಯ ಸಾಕು. "ಶಿಇನ್ ದೆಕಿಮಾಸ್ ಕಾ" ಅಂದರೆ ರುಚಿ ನೋಡಬಹುದೇ. "ಒಮಿಝು ಒನೆಗಾಯ್ ಶಿಮಾಸ್" ಅಂದರೆ ನೀರು ಕೊಡಿ. "ನುರುಕಾನ್ ದೆ ಒನೆಗಾಯ್ ಶಿಮಾಸ್" ಅಂದರೆ ಉಗುರುಬೆಚ್ಚಗೆ ಮಾಡಿಕೊಡಿ.

## ಹಂತ 3: ಬೆಳಿಗ್ಗೆ ಮೂಗು ಕಾಪಾಡಿಕೊಳ್ಳಿ

ಸಾಕೆಯ ಪರಿಮಳ ಬಹಳ ಮೆಲುವಾದದ್ದು. ಸೆಂಟು, ಘಾಟಿನ ಸೋಪು, ಮಲ್ಲಿಗೆ ವಾಸನೆಯ ತಲೆಎಣ್ಣೆ, ಕೈಗೆ ಹಚ್ಚುವ ಕ್ರೀಮು ಯಾವುದೂ ಬೇಡ. ನಿಮ್ಮೊಬ್ಬರ ಸೆಂಟು ಇಡೀ ಕೌಂಟರಿನವರ ರುಚಿ ಕೆಡಿಸುತ್ತದೆ.

ಊರಿನಿಂದ ಚಟ್ನಿಪುಡಿ, ಉಪ್ಪಿನಕಾಯಿ ಕಟ್ಟಿಕೊಂಡು ಹೋದವರು ಅದನ್ನು ರಾತ್ರಿಗೆ ಇಟ್ಟುಕೊಳ್ಳಿ. ಮೆಣಸಿನ ಖಾರ, ಇಂಗು, ಬೆಳ್ಳುಳ್ಳಿ ಬಾಯಲ್ಲಿ ಗಂಟೆಗಟ್ಟಲೆ ನಿಲ್ಲುತ್ತವೆ. ಎಲೆಅಡಿಕೆಯಂತೂ ನಾಲಿಗೆಯನ್ನೇ ಜೋಮು ಹಿಡಿಸುತ್ತದೆ. ಕಾಫಿ ಬೇಕೇ ಬೇಕು ಅನ್ನುವವರು ಎಂಟು ಗಂಟೆಯೊಳಗೆ ಮುಗಿಸಿ.

ಸಾಕೆ ಮಾಡುವ ಜಾಗದೊಳಗೆ ಹೋಗಲು ಒಪ್ಪಿಗೆ ಸಿಕ್ಕಿದ್ದರೆ ಅಂದು ಹೋಟೆಲಿನ ನಾಟ್ಟೊ ಮುಟ್ಟಬೇಡಿ. ಹುದುಗಿಸಿದ ಆ ಸೋಯಾಕಾಳಿನ ಬ್ಯಾಕ್ಟೀರಿಯಾ ಬಹಳ ಗಟ್ಟಿ ಜೀವ, ಅನ್ನದ ಮೇಲೆ ಬೆಳೆಸುವ ಕೋಜಿ ಬೂಷ್ಟಿಗೆ ಅದು ಶತ್ರು. ಸಾಕೆ ಮನೆಯವರು ಕೇಳಿಯೇ ಕೇಳುತ್ತಾರೆ, ಸುಳ್ಳು ಹೇಳಬೇಡಿ.

## ಹಂತ 4: ರೈಲು

ಟೋಕಿಯೊದಿಂದ ನಾಗಾನೊಗೆ ಹೊಕುರಿಕು ಶಿಂಕಾನ್ಸೆನ್ ಬುಲೆಟ್ ರೈಲಿನಲ್ಲಿ ಸುಮಾರು ಒಂದೂವರೆ ಗಂಟೆ, ಹೆಚ್ಚು ಕಡೆ ನಿಲ್ಲುವ ರೈಲಾದರೆ ಇನ್ನೂ ಇಪ್ಪತ್ತು ನಿಮಿಷ. ನಾಗಾನೊದಲ್ಲಿ ಇಳಿದು ಹೊರಗೆ ಬಂದು, ಝೆಂಕೋಜಿ ದೇವಾಲಯದ ದಿಕ್ಕಿನ ಬಾಗಿಲಿನ ಬಳಿ ನೆಲಮಾಳಿಗೆಗೆ ಇಳಿಯಬೇಕು. ನಾಗಾನೊ ಎಲೆಕ್ಟ್ರಿಕ್ ರೈಲ್ವೆಯ ಸ್ಟೇಷನ್ ಅಲ್ಲಿದೆ. ಇದು ಖಾಸಗಿ ರೈಲು, ಜಪಾನ್ ರೈಲ್ವೆಯ ಜೆಆರ್ ಪಾಸ್ ನಡೆಯುವುದಿಲ್ಲ. ಬೇರೆ ಟಿಕೆಟ್ ತೆಗೆದುಕೊಳ್ಳಿ. ಎಕ್ಸ್‌ಪ್ರೆಸ್‌ನಲ್ಲಿ ಒಬುಸೆ ಸುಮಾರು 25 ನಿಮಿಷ, ಅದಕ್ಕೆ ಸ್ವಲ್ಪ ಹೆಚ್ಚುವರಿ ಹಣ. ಲೋಕಲ್‌ನಲ್ಲಿ 35ರ ಹತ್ತಿರ.

ಒಂಬತ್ತೂವರೆಗೆ ಒಬುಸೆಯಲ್ಲಿರಬೇಕೆಂದರೆ ಹಿಂದಿನ ರಾತ್ರಿ ನಾಗಾನೊದಲ್ಲೇ ಉಳಿಯುವುದು ಒಳ್ಳೆಯದು. ಟೋಕಿಯೊದಿಂದ ಬೆಳಿಗ್ಗೆ ಹೊರಟು ಅದೇ ದಿನ ಹಿಂದಿರುಗುವುದು ಆಗದ ಕೆಲಸವೇನಲ್ಲ, ಆದರೆ ಒಂದು ರೈಲು ತಪ್ಪಿದರೂ ಚಿತ್ರ ನೋಡುವ ಹೊತ್ತೇ ಕಡಿತವಾಗುತ್ತದೆ.

ಕಾರು ಬಾಡಿಗೆಗೆ ತರಬೇಡಿ. ಸ್ಟೇಷನ್ ಬಳಿ ಬಾಡಿಗೆ ಸೈಕಲ್ ಸಿಗುತ್ತದೆ, ಸಾಕೆ ಕುಡಿಯುವ ದಿನ ಅದೂ ಬೇಡ. ಉಸಿರಿನ ಒಂದು ಲೀಟರಿನಲ್ಲಿ 0.15 ಮಿಲಿಗ್ರಾಂ ಮದ್ಯಸಾರ ಇದ್ದರೂ ಸಾಕು ಅಪರಾಧ. 2024ರ ನವೆಂಬರ್ 1ರಿಂದ ಇದು ಸೈಕಲ್‌ಗೂ ಅನ್ವಯಿಸುತ್ತದೆ, ಮೂರು ವರ್ಷದವರೆಗೆ ಜೈಲು ಇಲ್ಲವೇ ಐದು ಲಕ್ಷ ಯೆನ್‌ವರೆಗೆ ದಂಡ. ಕುಡಿದವರಿಗೆ ಸೈಕಲ್ ಕೊಟ್ಟವರಿಗೂ, ಸೈಕಲ್ ಓಡಿಸುವವರೆಂದು ಗೊತ್ತಿದ್ದೂ ಕುಡಿಸಿದವರಿಗೂ ಶಿಕ್ಷೆಯಿದೆ. ಬೆಳಿಗ್ಗೆ ಸೈಕಲ್ ತೆಗೆದುಕೊಂಡು ಊಟಕ್ಕೆ ಮೊದಲೇ ಹಿಂದಿರುಗಿಸುವುದಾದರೆ ಮಾತ್ರ ಸರಿ.

## ಹಂತ 5: ಚಿತ್ರಗಳ ಬೆಳಗು

### ಮೊದಲು ಗನ್‌ಶೋಇನ್

ಸ್ಟೇಷನ್ನಿನಿಂದ ನೇರ ಟ್ಯಾಕ್ಸಿ ಹಿಡಿದು ಗನ್‌ಶೋಇನ್‌ಗೆ ಹೋಗಿ. ಹೋಗುವಾಗ ಏರು, ಬರುವಾಗ ಇಳಿಜಾರು. ಹೋಗುವುದಕ್ಕೆ ದುಡ್ಡು ಕೊಟ್ಟು ಬರುವುದಕ್ಕೆ ನಡೆಯಿರಿ.

ಮುಖ್ಯ ಮಂಟಪದ ಚಾವಣಿಯಲ್ಲಿ ಹೋಓ, ಅಂದರೆ ಜಪಾನಿನ ಫೀನಿಕ್ಸ್ ಹಕ್ಕಿ, 21 ತತಾಮಿ ಚಾಪೆಯಷ್ಟು ಜಾಗ ತುಂಬಿದೆ. ಸುಮಾರು 6.3 ಮೀಟರ್ ಉದ್ದ, 5.5 ಮೀಟರ್ ಅಗಲ. 1848ರದು, ಹೊಕುಸಾಯಿಯ ಕೊನೆಯ ವರ್ಷಗಳ ಕೃತಿ. ಹನ್ನೆರಡು ಹಿನೊಕಿ ಮರದ ಫಲಕಗಳನ್ನು ನೆಲದ ಮೇಲೆ ಹರಡಿ ಬಣ್ಣ ಹಾಕಿ, ಆಮೇಲೆ ಮೇಲಕ್ಕೆ ಏರಿಸಿದ್ದು.

ಹಿಂದೆ ನೆಲದ ಮೇಲೆ ಮಲಗಿ ನೋಡಲು ಬಿಡುತ್ತಿದ್ದರು. ಈಗ ಕುಳಿತೇ ನೋಡಬೇಕು, ಫೋಟೋ ತೆಗೆಯುವಂತಿಲ್ಲ. ಹೆಚ್ಚಿನವರು ಒಂದು ಸಲ ತಲೆಯೆತ್ತಿ, "ದೊಡ್ಡದಾಗಿದೆ" ಎಂದು ಎದ್ದುಬಿಡುತ್ತಾರೆ. ಹೀಗೆ ನೋಡಿ:

ಮೊದಲು ಒಂದು ಮೂಲೆಯಲ್ಲಿ ಕುಳಿತು ಹಕ್ಕಿಯ ಕಣ್ಣು ಹುಡುಕಿ. ಆಮೇಲೆ ಎದ್ದು ಎದುರಿನ ಮೂಲೆಗೆ ಹೋಗಿ ಮತ್ತೆ ನೋಡಿ. ಎಂಟು ದಿಕ್ಕಿಗೂ ದಿಟ್ಟಿಸುವ ಹೋಓ ಎಂಬ ಹೆಸರು ಬಂದದ್ದು ಅದರಿಂದಲೇ, ಎಲ್ಲಿ ಕುಳಿತರೂ ಆ ಕಣ್ಣು ನಿಮ್ಮನ್ನು ಬಿಡುವುದಿಲ್ಲ. ಎರಡನೆಯದಾಗಿ, ಬಾಲದ ಗರಿಗಳ ನಡುವೆ ಖಾಲಿ ಬಿಟ್ಟ ಬಿಳಿ ತ್ರಿಕೋನ ಗುರುತಿಸಿ. ಅದು ಅಡಗಿಸಿಟ್ಟ ಫುಜಿ ಪರ್ವತ ಎನ್ನುತ್ತಾರೆ. ಮೂರನೆಯದಾಗಿ, ಫಲಕಗಳ ಮೇಲೆ ದುಂಡಗಿನ ಮಸುಕು ಕಲೆ ಹುಡುಕಿ. ನೆಲದ ಮೇಲೆ ಬಣ್ಣ ಹಾಕುವಾಗ ಬಣ್ಣದ ಬಟ್ಟಲು ಇಟ್ಟ ಗುರುತು ಅದು. ಚಾವಣಿಯ ಮೇಲೆ ಒಂದು ಬಟ್ಟಲಿನ ತಳದ ಗುರುತು ಕಂಡೊಡನೆ ಇಡೀ ಚಿತ್ರ ನೆಲಕ್ಕಿಳಿದು, ಅದರ ಪಕ್ಕದಲ್ಲಿ ಮಂಡಿಯೂರಿ ಕುಳಿತವರ ಕೈ ಕಂಡಂತಾಗುತ್ತದೆ. ಈ ಒಂದು ಗುರುತಿಗಾಗಿಯೇ ಮಂಪರಿಲ್ಲದ ಕಣ್ಣು ಬೇಕು ಅನ್ನುವುದು.

ಅರ್ಧ ಗಂಟೆ ಇಲ್ಲಿಗೆ ಮೀಸಲಿಡಿ. ಕತ್ತು ನೋಯುವವರು ಎರಡೆರಡು ನಿಮಿಷಕ್ಕೆ ತಲೆ ತಗ್ಗಿಸಿ, ಇಲ್ಲದಿದ್ದರೆ ಎದ್ದಾಗ ತಲೆ ಸುತ್ತುತ್ತದೆ. ಹಿಂಭಾಗದ ಸಣ್ಣ ಕೊಳವನ್ನೂ ನೋಡಿಬನ್ನಿ, ಹೈಕು ಕವಿ ಇಸ್ಸಾ ಬಡಕಲು ಕಪ್ಪೆಗೆ ಧೈರ್ಯ ಹೇಳಿದ ಪದ್ಯ ಕಟ್ಟಿದ್ದು ಇಲ್ಲೇ ಎನ್ನುತ್ತಾರೆ.

### ಇಳಿದು ಬಂದು ಹೊಕುಸಾಯಿ ಮ್ಯೂಸಿಯಂ

ದೇವಾಲಯದಿಂದ ಊರಿನ ನಡುವಿಗೆ ಅರ್ಧ ಗಂಟೆಯ ನಡಿಗೆ, ಹಣ್ಣಿನ ತೋಟಗಳ ನಡುವಿನ ದಾರಿ. ತೋಟದ ಹಣ್ಣು ಮುಟ್ಟಬೇಡಿ. ಊರೊಳಗೆ ಮನೆಯವರು ತಮ್ಮ ಕೈತೋಟಗಳನ್ನು ಜನಕ್ಕೆ ತೆರೆದಿಡುವ ಪದ್ಧತಿಯಿದೆ. ಫಲಕ ಇರುವ ತೋಟಕ್ಕೆ ಮಾತ್ರ ಹೋಗಿ.

1976ರಲ್ಲಿ ತೆರೆದ ಈ ಮ್ಯೂಸಿಯಂನಲ್ಲಿ ಹಬ್ಬದ ಎರಡು ತೇರುಗಳಿವೆ. ಹಿಗಾಶಿಮಾಚಿ ತೇರಿನ ಚಾವಣಿಗೆ 1844ರಲ್ಲಿ ಡ್ರ್ಯಾಗನ್ ಮತ್ತು ಹೋಓ, ಕನ್ಮಾಚಿ ತೇರಿಗೆ 1845ರಲ್ಲಿ ಗಂಡಲೆ ಮತ್ತು ಹೆಣ್ಣಲೆ ಎಂಬ ಎರಡು ಚಿತ್ರ. ಮುದ್ರಿತ ಚಿತ್ರಗಳ ಕೋಣೆಯಲ್ಲೇ ಗಂಟೆ ಕಳೆದು ತೇರಿನ ಮುಂದೆ ಐದು ನಿಮಿಷಕ್ಕೆ ಹೊರಡುವುದು ಇಲ್ಲಿಯ ಮಾಮೂಲಿ ತಪ್ಪು. ಅಚ್ಚಿನ ಚಿತ್ರಗಳನ್ನು ಬೇರೆ ಊರಿನಲ್ಲೂ ನೋಡಬಹುದು. ತೇರಿಗೆಂದೇ ಕೈಯಲ್ಲಿ ಬರೆದ ಈ ಅಲೆಗಳಿರುವುದು ಇಲ್ಲಿ. ನೇರ ತೇರಿನ ಕೋಣೆಗೆ ಹೋಗಿ, ಅಲ್ಲಿ ದಣಿದ ಮೇಲೆ ಉಳಿದವಕ್ಕೆ ಬನ್ನಿ. ಎರಡು ಅಲೆಗಳನ್ನು ನೋಡುವಾಗ ನಡುವಿನ ಕಡುನೀಲಿ ಸುಳಿಯಿಂದ ಆರಂಭಿಸಿ ಹೊರಕ್ಕೆ ಬನ್ನಿ, ಕೊನೆಗೆ ಅಂಚಿನ ಅಲಂಕಾರ. ಅಂಚಿಗೆ ಬಣ್ಣ ತುಂಬಿದವನು ಹೊಕುಸಾಯಿಯ ಶಿಷ್ಯನೂ ಆಶ್ರಯದಾತನೂ ಆಗಿದ್ದ ಊರಿನ ವರ್ತಕ ತಕಾಯಿ ಕೋಝನ್.

ಅವನ ಮನೆ ಪಕ್ಕದಲ್ಲೇ ಸ್ಮಾರಕವಾಗಿದೆ. ಚೆಸ್ಟ್‌ನಟ್ ಮರದ ತುಂಡುಗಳನ್ನು ಹಾಸಿದ ಪುಟ್ಟ ಓಣಿ ಹಿಡಿದು ಹೋಗಿ. ಮಳೆ ಬಂದ ದಿನ ಆ ಮರದ ಹಾಸು ಜಾರುತ್ತದೆ, ಜೋಕೆ. ಒಳಗೆ ಕೋಝನ್ ವಯಸ್ಸಾದ ಮೇಲೆ ಬರೆದ ದೆವ್ವಗಳ ಚಿತ್ರಗಳಿಗೆ ಇಪ್ಪತ್ತೈದು ನಿಮಿಷ ಸಾಕು.

## ಹಂತ 6: ಊಟ, ಇದನ್ನು ಬಿಟ್ಟರೆ ಮುಂದಿನದು ಕೆಡುತ್ತದೆ

ಬರಿಹೊಟ್ಟೆಯಲ್ಲಿ ರುಚಿ ನೋಡುವುದು ಬೇಡವೇ ಬೇಡ. ಸಾಕೆಯಲ್ಲಿ ಮದ್ಯಸಾರ ಸಾಮಾನ್ಯವಾಗಿ ಶೇ. 15-16, ನೀರು ಬೆರೆಸದ ಗೆನ್‌ಶು ಬಗೆಯಲ್ಲಿ ಇನ್ನೂ ಹೆಚ್ಚು. ಬಿಯರಿನ ಮೂರು ಪಾಲು ಗಡಸು, ಆದರೆ ಬಾಯಿಗೆ ಅಷ್ಟು ಗಡಸಾಗಿ ತೋರುವುದಿಲ್ಲ. ಹೊಸಬರು ಸಿಕ್ಕಿಬೀಳುವುದು ಇಲ್ಲೇ.

ಒಬುಸೆಯ ಮುಖ್ಯ ಊಟ ಕುರಿ-ಒಕೊವಾ, ಅಂಟಕ್ಕಿಯಲ್ಲಿ ಚೆಸ್ಟ್‌ನಟ್ ಹಾಕಿ ಹಬೆಯಲ್ಲಿ ಬೇಯಿಸಿದ ಅನ್ನ. ಉಪ್ಪು, ಖಾರ ಕಡಿಮೆ, ಹೊಟ್ಟೆ ತುಂಬುತ್ತದೆ. ಸಾಕೆಗೆ ಮುಂಚೆ ತಿನ್ನಲು ಇದಕ್ಕಿಂತ ಹೊಂದುವುದು ಬೇರೆ ಸಿಗಲಿಕ್ಕಿಲ್ಲ. ತೊಂದರೆಯಿರುವುದು ಪಕ್ಕದ ಬಟ್ಟಲುಗಳಲ್ಲಿ. ಮಿಸೊ ಸಾರು, ಬೇಯಿಸಿದ ತರಕಾರಿ, ಅದ್ದಿ ತಿನ್ನುವ ರಸ ಇವುಗಳಲ್ಲೆಲ್ಲ ಹೆಚ್ಚಾಗಿ ಒಣಮೀನಿನ ದಾಶಿ ಇರುತ್ತದೆ. ಕಣ್ಣಿಗೆ ಮೀನು ಕಾಣುವುದಿಲ್ಲ, ಬಡಿಸುವವರಿಗೂ ಅದು ಮಾಂಸಾಹಾರ ಅನ್ನಿಸುವುದಿಲ್ಲ. ಸಸ್ಯಾಹಾರಿಗಳು ಅನ್ನ, ಉಪ್ಪು ಹಾಕಿದ ತರಕಾರಿ, ತೋಫು ಬೇರೆಯಾಗಿ ಕೇಳಿ. ಅನ್ನದಲ್ಲೂ ದಾಶಿ ಇದೆಯೇ ಎಂದು ವಿಚಾರಿಸಿಯೇ ಬಾಯಿಗಿಡಿ.

ಊಟ ಮುಗಿದು ಮುಕ್ಕಾಲು ಗಂಟೆ ಬಿಡಿ. ಈ ನಡುವೆ ಅರ್ಧ ಲೀಟರ್ ನೀರು ಹೊಟ್ಟೆಗೆ ಹೋಗಿರಲಿ.

## ಹಂತ 7: ಸಾಕೆ ರುಚಿ ನೋಡುವ ಬಗೆ

### ಮುಂಚೆ ತಿಳಿದಿರಬೇಕಾದ ನಾಲ್ಕು ಮಾತು

ಸಾಕೆ ಭಟ್ಟಿ ಇಳಿಸಿದ್ದಲ್ಲ, ಹುದುಗಿಸಿದ್ದು. ಅಕ್ಕಿಯ ಪಿಷ್ಟವನ್ನು ಕೋಜಿ ಬೂಷ್ಟು ಸಕ್ಕರೆ ಮಾಡುತ್ತದೆ, ಯೀಸ್ಟ್ ಆ ಸಕ್ಕರೆಯನ್ನು ಮದ್ಯಸಾರ ಮಾಡುತ್ತದೆ, ಎರಡೂ ಒಂದೇ ತೊಟ್ಟಿಯಲ್ಲಿ ಒಟ್ಟೊಟ್ಟಿಗೆ.

ಚೀಟಿಯಲ್ಲಿ ಅಕ್ಕಿ ಪಾಲಿಶ್ ಪ್ರಮಾಣ 60 ಎಂದಿದ್ದರೆ ಕಾಳಿನ ಶೇ. 40 ಉಜ್ಜಿ ತೆಗೆದಿದ್ದಾರೆ, 60 ಉಳಿದಿದೆ ಎಂದರ್ಥ. ಇದನ್ನು ತಿರುಗಿಸಿ ಓದುವವರೇ ಹೆಚ್ಚು. 60 ಅಥವಾ ಕಡಿಮೆ ಉಳಿದರೆ ಗಿಂಜೊ, 50 ಅಥವಾ ಕಡಿಮೆ ಉಳಿದರೆ ದಾಯ್‌ಗಿಂಜೊ. ಜುನ್‌ಮಾಯ್ ಎಂದಿದ್ದರೆ ಹೊರಗಿನ ಮದ್ಯಸಾರ ಸೇರಿಸಿಲ್ಲ.

ನಿಹೊನ್‌ಶು-ದೊ ಎಂಬ ಅಂಕಿ ನೀರಿಗೆ ಹೋಲಿಸಿದ ಸಾಂದ್ರತೆ. ಪ್ಲಸ್ ಆದಷ್ಟೂ ಸಿಹಿ ಕಡಿಮೆ, ಮೈನಸ್ ಆದಷ್ಟೂ ಸಿಹಿ ಹೆಚ್ಚು. ಆದರೆ ಹುಳಿ ಹೆಚ್ಚಿದ್ದರೆ ಮೈನಸ್ ಸಾಕೆಯೂ ಅಷ್ಟು ಸಿಹಿ ಅನ್ನಿಸುವುದಿಲ್ಲ, ಅಂಕಿಯೊಂದನ್ನೇ ನೋಡಿ ಕೊಳ್ಳಬೇಡಿ.

ನಾಗಾನೊದವರು ಮಿಯಾಮಾ-ನಿಶಿಕಿ, ಹಿತೊಗೊಕೊಚಿ ಎಂಬ ತಮ್ಮದೇ ಅಕ್ಕಿ ತಳಿಗಳನ್ನು ಬಳಸುತ್ತಾರೆ. ಸಾಧ್ಯವಾದರೆ ಇವೆರಡನ್ನೂ ಪಕ್ಕಪಕ್ಕ ಇಟ್ಟು ನೋಡಿ.

### ಲೆಕ್ಕ

ಒಬ್ಬರಿಗೆ ಆರು ಸಾಕೆ, ಒಂದೊಂದೂ 30 ಮಿ.ಲೀ., ಎರಡೂ ಮನೆ ಸೇರಿ. ಎಲ್ಲವನ್ನೂ ನುಂಗಿದರೆ 180 ಮಿ.ಲೀ., ಜಪಾನಿನ ಅಳತೆಯಲ್ಲಿ ಒಂದು ಗೋ. ಶೇ. 15ರ ಸಾಕೆಯಾದರೆ ಅದರಲ್ಲಿ ಸುಮಾರು 21 ಗ್ರಾಂ ಶುದ್ಧ ಮದ್ಯಸಾರ. ಇದು ಗರಿಷ್ಠ. ಪ್ರತಿ ಬಟ್ಟಲಿಗೆ ಅದರ ಎರಡು ಪಟ್ಟು ನೀರು ಕುಡಿಯಿರಿ. ಸಾಕೆಯ ನಡುನಡುವೆ ಕುಡಿಯುವ ಈ ನೀರಿಗೆ ಅವರಲ್ಲಿ ಯವಾರಗಿ-ಮಿಝು ಎಂಬ ಹೆಸರೇ ಇದೆ, ಕೇಳಲು ಸಂಕೋಚ ಬೇಡ.

### ಯಾವುದು ಮೊದಲು

1. ತೆಳುವಾದ, ಪರಿಮಳದ ಗಿಂಜೊ ಅಥವಾ ದಾಯ್‌ಗಿಂಜೊ
2. ಸಾದಾ ಜುನ್‌ಮಾಯ್
3. ಹುಳಿ, ಗಡಸು ಹೆಚ್ಚಿರುವ ಕಿಮೊತೊ ಅಥವಾ ಯಮಹಾಯ್ ಬಗೆ
4. ಕಾಯಿಸದ ನಾಮಾ, ನೀರು ಬೆರೆಸದ ಗೆನ್‌ಶು
5. ಮಡ್ಡಿಯಿರುವ ನಿಗೊರಿ, ವರ್ಷಗಟ್ಟಲೆ ಇಟ್ಟ ಕೊಶು
6. ಕೊನೆಯಲ್ಲಿ, ಎರಡನೆಯ ಬಟ್ಟಲಿನ ಅದೇ ಜುನ್‌ಮಾಯ್, ಈಗ ಬೆಚ್ಚಗೆ

ನಿಗೊರಿ ಮೊದಲು ಕುಡಿದರೆ ಅದರ ಸಿಹಿ ನಾಲಿಗೆಗೆ ಬಳಿದುಕೊಂಡು ಮುಂದಿನ ಗಿಂಜೊ ನೀರಿನಂತೆ ಸಪ್ಪೆಯಾಗುತ್ತದೆ. "ವ್ಯತ್ಯಾಸ ಗೊತ್ತಾಗಲಿಲ್ಲ" ಎಂಬ ದೂರಿನ ಹಿಂದೆ ಹೆಚ್ಚಾಗಿ ಈ ತಪ್ಪು ಕ್ರಮವೇ ಇರುತ್ತದೆ.

### ಒಂದು ಬಟ್ಟಲನ್ನು ನೋಡುವ ರೀತಿ

ಕಣ್ಣು. ರುಚಿ ನೋಡುವ ಬಿಳಿ ಪಿಂಗಾಣಿ ಬಟ್ಟಲಿನ ತಳದಲ್ಲಿ ಎರಡು ನೀಲಿ ಉಂಗುರ ಇರುತ್ತವೆ, ಹಾವಿನ ಕಣ್ಣು ಎಂದು ಕರೆಯುತ್ತಾರೆ. ಬಿಳಿಯ ಮೇಲೆ ಸಾಕೆಯ ಬಣ್ಣ ನೋಡಬೇಕು, ನೀಲಿಯ ಅಂಚು ಚೂಪಾಗಿ ಕಾಣುತ್ತದೆಯೇ ಮಸುಕೇ ಎಂದು ನೋಡಿ ತಿಳಿತನ ಅಳೆಯಬೇಕು. ತಿಳಿಹಳದಿ ಇದ್ದರೆ ಕೆಟ್ಟಿದೆ ಅಂತಲ್ಲ. ಇದ್ದಿಲಿನಿಂದ ಬಣ್ಣ ತೆಗೆಯದ ಸಾಕೆ ಹಾಗೇ ಇರುತ್ತದೆ.

ಮೂಗು. ವೈನ್‌ನಂತೆ ಗರಗರ ತಿರುಗಿಸಬೇಡಿ. ಮೂಗಿನ ಹತ್ತಿರ ತಂದು ಒಂದು ಸಲ, ಎರಡು ಉಸಿರು ಬಿಟ್ಟು ಮತ್ತೊಂದು ಸಲ ಎಳೆದುಕೊಳ್ಳಿ. ಹೆಸರು ಹುಡುಕಲು ಪರದೇಶದ ಹಣ್ಣುಗಳ ಪಟ್ಟಿ ಬೇಕಿಲ್ಲ. ಮಾಗಿದ ಏಲಕ್ಕಿ ಬಾಳೆಯ ಗೊನೆ ಇಟ್ಟ ಕೋಣೆ ನೆನಪಾದರೆ ಅದು ಒಂದು ಬಗೆಯ ಗಿಂಜೊ ಪರಿಮಳ, ಹೆಚ್ಚಿದ ಸೇಬಿನಂತಿದ್ದರೆ ಇನ್ನೊಂದು. ಜುನ್‌ಮಾಯ್‌ನಲ್ಲಿ ಅಕ್ಕಚ್ಚು, ಬಿಸಿ ಗಂಜಿ, ಆಗಷ್ಟೇ ಮುಚ್ಚಳ ತೆಗೆದ ಅನ್ನದ ಹಬೆ ಸಿಗುತ್ತದೆ. ಹಳೆಯ ಕೊಶುವಿನಲ್ಲಿ ಜೋನಿಬೆಲ್ಲ, ಹುರಿದ ಗೋಡಂಬಿ. ಅನ್ನದ ಊರಿನವರಿಗೆ ಈ ವಾಸನೆಗಳೆಲ್ಲ ಅಡುಗೆಮನೆಯಿಂದಲೇ ಗೊತ್ತು, ಅದನ್ನೇ ಬರೆದುಕೊಳ್ಳಿ.

ಬಾಯಿ. ಒಂದು ಚಮಚದಷ್ಟು, ಅಂದಾಜು 5 ಮಿ.ಲೀ., ಬಾಯಿಗೆ ತೆಗೆದುಕೊಂಡು ನಾಲಿಗೆಯ ಮೇಲೆಲ್ಲ ಹರಡಿ. ತುಟಿ ಸ್ವಲ್ಪ ತೆರೆದು ಗಾಳಿ ಎಳೆದು ಮೂಗಿನಿಂದ ಬಿಡಿ. ಮೊದಲು ಸಿಹಿ ಬಂತೇ, ಹುಳಿ ಬಂತೇ, ಕೊನೆಗೆ ಕಹಿ ಉಳಿಯಿತೇ ಎಂದಷ್ಟೇ ನೋಡಿ. ಉಗುಳಿ. ಉಗುಳಿದ ಮೇಲೆ ಬಾಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಎಂದು ಮನಸ್ಸಿನಲ್ಲೇ ಎಣಿಸಿ.

ಉಗುಳುವುದು ಅವಮರ್ಯಾದೆ ಎಂಬ ಹೆದರಿಕೆ ಬೇಡ. ಸಾಕೆ ಮಾಡುವವರೂ ಹಾಗೆಯೇ ರುಚಿ ನೋಡುತ್ತಾರೆ. ಇಷ್ಟವಾದ ಒಂದೆರಡನ್ನು ಮಾತ್ರ ಕೊನೆಗೆ ನುಂಗಿ.

ಬರಹ. ಹೆಸರು, ಬಗೆ, ಒಂದು ವಾಸನೆ, ಒಂದು ಊಟ. ಊಟ ಅಂದರೆ ಇದನ್ನು ಯಾವುದರ ಜೊತೆ ಕುಡಿಯಬಹುದು ಎಂದು. ಅಂಕ ಕೊಡಬೇಡಿ, ಮೂರನೆಯ ಬಟ್ಟಲಿನಿಂದ ಅಂಕ ತನ್ನಷ್ಟಕ್ಕೆ ಏರುತ್ತ ಹೋಗುತ್ತದೆ.

### ಬಿಸಿ ಮತ್ತು ತಣ್ಣಗೆ

ಬಹಳ ಜನ ಬಿಟ್ಟುಬಿಡುವ ಭಾಗ ಇದು. ಒಂದೇ ಜುನ್‌ಮಾಯ್ ಅನ್ನು ಮೂರು ಬಿಸಿಯಲ್ಲಿ ನೋಡಿದರೆ ಮೂರು ಬೇರೆ ಸಾಕೆ ಕುಡಿದಂತೆ. 10 ಡಿಗ್ರಿಯಲ್ಲಿ ವಾಸನೆ ಮುದುಡಿ ಕುಳಿತಿರುತ್ತದೆ, ನಾಲಿಗೆಗೆ ಚುರುಕು. 20ರ ಸುಮಾರಿಗೆ ಅಕ್ಕಿಯ ರುಚಿ ಹೊರಬರುತ್ತದೆ. 40 ಡಿಗ್ರಿ, ಅಂದರೆ ನುರುಕಾನ್‌ನಲ್ಲಿ ಸಿಹಿ ಮತ್ತು ಸೊಗಡು ಮುಂದಕ್ಕೆ ಬಂದು ಹುಳಿ ಮೆತ್ತಗಾಗುತ್ತದೆ. 50 ದಾಟಿದರೆ ಮದ್ಯದ ಘಾಟು ಮೂಗಿಗೆ ಹೊಡೆಯುತ್ತದೆ. ಪರಿಮಳದ ದಾಯ್‌ಗಿಂಜೊ ಬಿಸಿ ಮಾಡಲು ಕೇಳಬೇಡಿ, ಹಣ್ಣಿನ ವಾಸನೆ ಚದುರಿಹೋಗುತ್ತದೆ.

ಮನೆಯಲ್ಲಿ ಮಾಡುವುದಾದರೆ ನೀರು ಕುದಿಸಿ ಒಲೆ ಆರಿಸಿ, ಸಾಕೆ ತುಂಬಿದ ಹೂಜಿಯನ್ನು ಕುತ್ತಿಗೆಯವರೆಗೆ ಎರಡು ಮೂರು ನಿಮಿಷ ಮುಳುಗಿಸಿಡಿ. ಹೂಜಿಯ ತಳ ಮುಟ್ಟಿದಾಗ ಹಿತವಾಗಿ ಬೆಚ್ಚಗಿದ್ದರೆ ತೆಗೆಯಿರಿ. ನೇರ ಒಲೆಯ ಮೇಲಿಡಬೇಡಿ.

### ಕುಡಿಯದವರಿಗೆ

ಗರ್ಭಿಣಿಯರು, ಔಷಧಿ ತೆಗೆದುಕೊಳ್ಳುತ್ತಿರುವವರು, ಕುಡಿಯಲು ಮನಸ್ಸಿಲ್ಲದವರು ಅಮಝಾಕೆ ಕೇಳಬಹುದು, ಅಕ್ಕಿಯ ಸಿಹಿ ಗಂಜಿಯಂಥದು. ಇದರಲ್ಲಿ ಎರಡು ಬಗೆ. ಕೋಜಿಯಿಂದ ಮಾಡಿದ್ದರಲ್ಲಿ ಮದ್ಯಸಾರ ಇರುವುದಿಲ್ಲ, ಸಾಕೆ ಹಿಂಡಿದ ಚರಟದಿಂದ ಮಾಡಿದ್ದರಲ್ಲಿ ಸ್ವಲ್ಪ ಇರುತ್ತದೆ. ಯಾವುದು ಎಂದು ಕೇಳಿಯೇ ತೆಗೆದುಕೊಳ್ಳಿ.

## ನಿಲ್ಲಿಸಬೇಕಾದ ಗುರುತುಗಳು

ಸಾಕೆಯಲ್ಲಿ: ಹಳೆಯ ಮೂಲಂಗಿ ಉಪ್ಪಿನಕಾಯಿ ಅಥವಾ ಬೆಂದ ಎಲೆಕೋಸಿನ ವಾಸನೆ ಬಂದರೆ ಬಿಸಿಲಿಗೋ ಶಾಖಕ್ಕೋ ಸಿಕ್ಕಿ ಮುಪ್ಪಾಗಿದೆ ಎಂದರ್ಥ. ತಿಳಿಯಾಗಿರಬೇಕಾದ ಸಾಕೆ ಕದಡಿದ್ದು, ಮೊಸರಿನ ಹುಳಿ ನಾತ ಇದ್ದರೆ ಬ್ಯಾಕ್ಟೀರಿಯಾ ಸೇರಿದೆ. ನುಂಗಬೇಡಿ. ಕೌಂಟರಿನಲ್ಲಿ ಮೆಲ್ಲಗೆ ಹೇಳಿದರೆ ಬೇರೆ ಬಾಟಲಿ ತೆರೆಯುತ್ತಾರೆ.

ನಿಮ್ಮಲ್ಲಿ: ಎರಡು ಬಟ್ಟಲಿಗೆ ಒಂದೇ ವಾಸನೆ ಬರೆದಿದ್ದೀರಿ, ಅಕ್ಷರ ದೊಡ್ಡದಾಗುತ್ತಿದೆ, ಕಿವಿ ಬಿಸಿಯಾಗಿದೆ, ನೀರಿನ ಲೋಟ ಹಾಗೇ ತುಂಬಿದೆ. ಇವುಗಳಲ್ಲಿ ಯಾವುದಾದರೂ ಎರಡು ಕಂಡರೆ ಪಟ್ಟಿ ಮುಗಿಯದಿದ್ದರೂ ನಿಲ್ಲಿಸಿ. ಕೌಂಟರಿನವರು ಒತ್ತಾಯ ಮಾಡುವುದಿಲ್ಲ. ಬಟ್ಟಲಿನ ಮೇಲೆ ಅಂಗೈ ಮುಚ್ಚಿ "ಮೋ ಕೆಕ್ಕೋ ದೆಸ್" ಎಂದರೆ ಸಾಕು.

## ಹಂತ 8: ಬಾಟಲಿ ಕೊಂಡು ಊರಿಗೆ ತರುವುದು

ಕೊನೆಯ ಬಟ್ಟಲು ಮುಗಿದ ಕೂಡಲೇ ಕೊಳ್ಳಬೇಡಿ. ಹೊರಗೆ ಹತ್ತು ನಿಮಿಷ ನಡೆದು ಬಂದು ನೋಟ್‌ಬುಕ್ ನೋಡಿ, ಆಮೇಲೆ ಆರಿಸಿ.

ನಾಮಾ ಸಾಕೆ ತರಲೇಬೇಡಿ. ಅದು ಸದಾ ಫ್ರಿಜ್ಜಿನಲ್ಲಿರಬೇಕು, ವಿಮಾನದ ಸಾಮಾನು ಮತ್ತು ನಮ್ಮ ಬೇಸಿಗೆ ದಾಟಿ ಬರುವ ಹೊತ್ತಿಗೆ ಅದರ ರುಚಿಯೇ ಬೇರೆಯಾಗಿರುತ್ತದೆ. ಎರಡು ಸಲ ಕಾಯಿಸಿದ ಜುನ್‌ಮಾಯ್ ಪ್ರಯಾಣಕ್ಕೆ ಸುರಕ್ಷಿತ.

ಭಾರತಕ್ಕೆ ಬರುವಾಗ ಒಬ್ಬ ವಯಸ್ಕರಿಗೆ ಸುಂಕವಿಲ್ಲದೆ ಎರಡು ಲೀಟರ್ ಮದ್ಯ. ಸಾಮಾನ್ಯ ಬಾಟಲಿ 720 ಮಿ.ಲೀ., ಹಾಗಾಗಿ ಎರಡು ಬಾಟಲಿ 1.44 ಲೀಟರ್. ಮೂರನೆಯದು ಸೇರಿದರೆ 2.16 ಆಗಿ ಮಿತಿ ದಾಟುತ್ತದೆ. ಮೂರು ಬೇಕಿದ್ದರೆ ಮೂರನೆಯದು 300 ಮಿ.ಲೀ.ಯ ಪುಟ್ಟ ಬಾಟಲಿಯಾಗಿರಲಿ. ಒಬುಸೆಯಲ್ಲಿ ಕೊಂಡದ್ದು ಕೈಚೀಲದಲ್ಲಿ ವಿಮಾನ ನಿಲ್ದಾಣದ ತಪಾಸಣೆ ದಾಟುವುದಿಲ್ಲ, ದೊಡ್ಡ ಪೆಟ್ಟಿಗೆಗೇ ಹಾಕಬೇಕು. ಜಿಪ್ ಚೀಲದೊಳಗೆ ಬಾಟಲಿ, ಸುತ್ತ ಟವೆಲ್, ಪೆಟ್ಟಿಗೆಯ ನಡುವೆ, ಎಲ್ಲ ಬದಿಗೂ ಬಟ್ಟೆ.

ಮನೆಗೆ ಬಂದ ಮೇಲೆ ನಿಲ್ಲಿಸಿಯೇ ಇಡಿ, ವೈನ್‌ನಂತೆ ಮಲಗಿಸಬೇಡಿ. ಬೆಳಕು ಬೀಳದ ಜಾಗ, ಆದರೆ ಫ್ರಿಜ್ಜಿನ ಬಾಗಿಲಲ್ಲಿ ಬೇಡ, ತೆರೆದು ಮುಚ್ಚುವಾಗ ಅಲುಗಾಡುತ್ತದೆ. ಮುಚ್ಚಳ ತೆಗೆದ ಮೇಲೆ ಫ್ರಿಜ್ಜಿನಲ್ಲಿಟ್ಟು ವಾರದೊಳಗೆ ಮುಗಿಸಿ. ಮುಗಿಯದೆ ಉಳಿದರೆ ಅಕ್ಕಿಗೆ ಎರಡು ಚಮಚ ಸಾಕೆ ಹಾಕಿ ಅನ್ನ ಮಾಡಿ.